ಹಿರಿಸೊಸೆಯ ಪಕ್ಷ

ಡಿಸೆಂಬರ್ ಕೊನೆಗೆ ಪತ್ರಿಕೆಗಳು ಆ ವರ್ಷದ ಮನರಂಜನೆಯ ವರದಿ ಒಪ್ಪಿಸುತ್ತವೆ. ಯಾವ ಸಿನಿಮಾ ಓಡಿತು, ಯಾವುದು ಮಕಾಡೆ ಮಲಗಿತು, ಯಾವ ನಾಯಕಿ ಮುಂಬೈಗೆ ಹೋದಳು, ಯಾವ ನಾಯಕ ಮೀಸೆ ತೆಗೆಸಿದ. ಎರಡು ಸಾವಿರದ ಆ ಮೊದಲ ದಶಕ ಮುಗಿಯುತ್ತ ಬಂದಿದ್ದಾಗ ನಾವು ವಿಜಯವಾಡದಲ್ಲಿ ಒಂದು ವರ್ಷ ಇದ್ದೆವು. ಆ ಡಿಸೆಂಬರಿನ ಪುರವಣಿಯನ್ನು ನಾನು ಬ್ಯಾಂಕಿನಲ್ಲಿ ಊಟದ ಡಬ್ಬಿ ಮುಂದಿಟ್ಟುಕೊಂಡು ಪೂರ್ತಿ ಓದಿದೆ. ನಮ್ಮ ಮನೆಯಲ್ಲಿ ಆ ವರ್ಷ ಎಲ್ಲಕ್ಕಿಂತ ಹೆಚ್ಚು ಗದ್ದಲ ಎಬ್ಬಿಸಿದ್ದ ಸಂಗತಿ ಅದರಲ್ಲಿ ಒಂದು ಸಾಲಿನಷ್ಟೂ ಇರಲಿಲ್ಲ. ಅದಕ್ಕೇ ಇಷ್ಟು ವರ್ಷದ ಮೇಲೆ ನಾನೇ ಬರೆಯುತ್ತಿದ್ದೇನೆ.

ನಾನು ಆಗ ಬ್ಯಾಂಕಿನಲ್ಲಿ ಅಧಿಕಾರಿ, ತುಮಕೂರಿನಿಂದ ವಿಜಯವಾಡದ ಒನ್ ಟೌನ್ ಶಾಖೆಗೆ ವರ್ಗವಾಗಿತ್ತು. ನನ್ನ ಗಂಡ ಔಷಧಿ ಕಂಪನಿಯಲ್ಲಿದ್ದರು. ಅವರನ್ನು ಅದಕ್ಕೂ ಮೊದಲೇ ವಿಶಾಖಪಟ್ಟಣದ ಆಚೆ ಅಚ್ಯುತಾಪುರಂಗೆ ಕಳಿಸಿದ್ದರು, ಅಲ್ಲಿ ಹೊಸ ಫ್ಯಾಕ್ಟರಿ ಏಳುತ್ತಿತ್ತು. “ನಿಮ್ಮವರೂ ಆಂಧ್ರದಲ್ಲೇ ಇದಾರಲ್ಲ, ಅನುಕೂಲವೇ ಆಯ್ತು ಬಿಡಿ” ಅಂತ ನಮ್ಮ ಮೇಲಧಿಕಾರಿ ದೊಡ್ಡ ಉಪಕಾರ ಮಾಡಿದವರ ಹಾಗೆ ಹೇಳಿದರು. ಭೂಪಟದ ಮೇಲೆ ಅವರ ಬೆರಳು ಒಂದೂರಿಂದ ಇನ್ನೊಂದೂರಿಗೆ ಸಲೀಸಾಗಿ ಜಾರಿತು. ರೈಲು ಅಷ್ಟು ಸಲೀಸಾಗಿ ಜಾರುತ್ತಿರಲಿಲ್ಲ. ಗಂಡ ಹೆಂಡತಿ ತಿಂಗಳಿಗೆ ಒಂದೋ ಎರಡೋ ಸಲ ಮುಖ ನೋಡಿಕೊಂಡರೆ ಹೆಚ್ಚು ಅನ್ನುವಂತಾಯಿತು. ಸೊಸೆ ಒಬ್ಬಳೇ ಪರವೂರಲ್ಲಿ ಇರಬಾರದು ಅಂತ ಅತ್ತೆ ನನ್ನ ಜೊತೆ ಹೊರಟು ಬಂದರು.

ಅತ್ತೆ ತಿಪಟೂರಿನವರು. ಜವಳಿ ಅಂಗಡಿಯ ಮನೆ, ತುಂಬಿದ ಕುಟುಂಬ, ಅದಕ್ಕೆ ಇವರು ಹಿರಿಸೊಸೆ. ಮಾವ ಹೋದ ಮೇಲೆ, ಮೈದುನರೆಲ್ಲ ಬೇರೆಬೇರೆ ಆದ ಮೇಲೆ, ನಮ್ಮ ಜೊತೆ ಇದ್ದರು. ಸಿನಿಮಾ ಅಂದರೆ ಮೂಗು ಮುರಿಯುತ್ತಿದ್ದರು. ಟಿವಿಯಲ್ಲಿ ವಾರ್ತೆ ಮತ್ತು ದೇವಸ್ಥಾನ ತೋರಿಸುವ ಕಾರ್ಯಕ್ರಮ ಬಿಟ್ಟರೆ ಬೇರೇನೂ ನೋಡಿದವರಲ್ಲ. ಇಂಥವರನ್ನು ನಾನು ವಿಜಯವಾಡಕ್ಕೆ ಕರೆದುಕೊಂಡು ಹೋಗಿದ್ದೆ. ಸಿನಿಮಾ ಬಿಡುಗಡೆಯ ದಿನ ಆ ಊರಿನಲ್ಲಿ ಬೆಳಗಿನ ಹಾಲು ಮನೆಗಿಂತ ಮೊದಲು ನಾಯಕನ ಕಟೌಟಿಗೆ ಹೋಗುತ್ತಿತ್ತು. ನಮ್ಮ ಶಾಖೆಯ ಕ್ಯಾಷಿಯರು ಶಿಸ್ತಿನ ಮನುಷ್ಯ, ಆದರೆ ಅವರ ನಾಯಕನ ಚಿತ್ರ ಬಂದ ದಿನ ಮಾತ್ರ ಅವರಿಗೆ ಹೊಟ್ಟೆನೋವು ಬರುತ್ತಿತ್ತು. ಮಾರನೇ ದಿನ ಗಂಟಲು ಕಟ್ಟಿಸಿಕೊಂಡು ಬರುತ್ತಿದ್ದರು. ಹೊಟ್ಟೆನೋವಿಗೆ ಗಂಟಲು ಯಾಕೆ ಕಟ್ಟುತ್ತದೆ ಅಂತ ಮ್ಯಾನೇಜರು ಕೇಳುತ್ತಿರಲಿಲ್ಲ, ಯಾಕೆಂದರೆ ಅವರ ಗಂಟಲೂ ಕಟ್ಟಿರುತ್ತಿತ್ತು.

ನಾವು ಬಾಡಿಗೆಗೆ ಹಿಡಿದಿದ್ದು ಮಹಡಿಯ ಮನೆ. ಕೆಳಗೆ ಮನೆ ಒಡತಿ ಒಬ್ಬರೇ ಇದ್ದರು. ಅತ್ತೆಗಿಂತ ಸ್ವಲ್ಪ ಚಿಕ್ಕವರು, ಮಕ್ಕಳೆಲ್ಲ ಹೈದರಾಬಾದಿನಲ್ಲಿ. ದುಂಡು ಮುಖ, ದೊಡ್ಡ ಧ್ವನಿ, ಗೋಂಗೂರ ಸೊಪ್ಪಿನ ಚಟ್ನಿ ಅರೆದ ದಿನ ಅರ್ಧ ಬಟ್ಟಲು ಮೇಲಕ್ಕೆ ಬರಲೇಬೇಕು. ಬಂದ ಮೂರ್ನಾಲ್ಕು ದಿನದಲ್ಲೇ ಅವರು ಅತ್ತೆಯನ್ನು “ಅಕ್ಕಯ್ಯಗಾರೂ” ಅಂತ ಕರೆಯತೊಡಗಿದರು. ಅತ್ತೆಗೆ ತೆಲುಗು ಬಾರದು, ಅವರಿಗೆ ಕನ್ನಡ ಬಾರದು. ನನಗೆ ತುಮಕೂರಿನಲ್ಲಿ ಪಾವಗಡದ ಗೆಳತಿಯರಿಂದ ಕಲಿತ ತೆಲುಗು ಇತ್ತು, ಆಫೀಸಿಗೆ ಸಾಕಾಗುವಷ್ಟು.

ಹಗಲೆಲ್ಲ ಅತ್ತೆ ಒಬ್ಬರೇ. ಒಂದು ಸಂಜೆ ನಾನು ಬ್ಯಾಂಕಿನಿಂದ ಬರುವ ಹೊತ್ತಿಗೆ ಮೇಲೆ ಮನೆಗೆ ಬೀಗ. ಕೆಳಗೆ ಇಣುಕಿದರೆ, ಇಬ್ಬರೂ ಕುರ್ಚಿ ಹಾಕಿಕೊಂಡು ಟಿವಿ ಮುಂದೆ ಕೂತಿದ್ದಾರೆ. ತೆಲುಗು ಧಾರಾವಾಹಿ ನಡೆಯುತ್ತಿತ್ತು. ಅತ್ತೆ ನನ್ನ ಕಡೆ ತಿರುಗಿಯೂ ನೋಡದೆ ಕೈಯೆತ್ತಿ ಸುಮ್ಮನಿರು ಅಂದರು.

ಕಥೆ ಸರಳವಾಗಿಯೇ ಇತ್ತು. ದೊಡ್ಡ ಮನೆ, ಇಬ್ಬರು ಸೊಸೆಯರು. ಕಿರಿಸೊಸೆ ಸಾಧ್ವಿ, ಸದಾ ಅಳುತ್ತಾಳೆ. ಹಿರಿಸೊಸೆ ಕೆಟ್ಟವಳು, ಆಸ್ತಿಗಾಗಿ ಮಾವನ ಹಾಲಿಗೆ ಏನೋ ಪುಡಿ ಬೆರೆಸುತ್ತಾಳೆ, ಬೆರೆಸಿ ಓರೆಗಣ್ಣಲ್ಲಿ ನಗುತ್ತಾಳೆ. ಅವಳು ನಕ್ಕಾಗೆಲ್ಲ ಡೊಳ್ಳಿನ ಸದ್ದು. ಇಡೀ ಆಂಧ್ರಕ್ಕೇ ಅರ್ಥವಾಗಿದ್ದ ಕಥೆ ಇದು.

ಅತ್ತೆಗೆ ಮಾತ್ರ ಬೇರೆ ಅರ್ಥವಾಗಿತ್ತು.

ರಾತ್ರಿ ಊಟಕ್ಕೆ ಕೂತಾಗ ನನಗೆ ಕಥೆ ಹೇಳಿದರು. “ಆ ಹಿರಿಸೊಸೆ ಇದಾಳಲ್ಲ, ಮನೆ ನಿಂತಿರೋದೇ ಅವಳಿಂದ ಕಣೇ. ನೋಡು, ಬೆಳಗ್ಗೆ ಎದ್ದು ಪೂಜೆ ಮಾಡೋಳು ಅವಳು, ಬೀಗದ ಕೈ ಇಟ್ಟುಕೊಂಡಿರೋಳು ಅವಳು. ಆ ಚಿಕ್ಕದು ಬರೀ ಬಾಗಿಲಿಗೆ ಒರಗಿಕೊಂಡು ಅಳುತ್ತೆ. ಒಲೆ ಮೇಲೆ ಹಾಲಿಟ್ಟು ಬಂದಿದೆಯೋ ಏನೋ, ಉಕ್ಕಿ ಹೋದ್ರೂ ಅದರ ಅಳು ನಿಲ್ಲಲ್ಲ.”

“ಅಲ್ಲ ಅತ್ತೆ, ಹಿರಿಯವಳು ಮಾವನಿಗೆ ವಿಷ ಹಾಕ್ತಿದಾಳೆ” ಅಂದೆ.

“ವಿಷ ಯಾಕಾಗತ್ತೆ? ಔಷಧಿ ಅದು. ಚಿಕ್ಕವಳು ಮಾಟ ಮಾಡಿಸಿದಾಳೆ, ಅದಕ್ಕೆ ಇವಳು ಔಷಧಿ ಕೊಡ್ತಿದಾಳೆ.”

“ಮಾಟ ಅಂತ ಯಾರು ಹೇಳಿದ್ರು?”

“ಯಾರು ಹೇಳೋದೇನು, ಅವಳೇ ಹೇಳ್ತಾಳಲ್ಲ! ಬಾಯಿ ತೆಗೆದ್ರೆ ಮಾಟ. ‘ನಾ ಮಾಟ ವಿನಂಡಿ, ನಾ ಮಾಟ ವಿನಂಡಿ’ ಅಂತ ಅತ್ತೆ ಮುಂದೇನೇ ಒಪ್ಪಿಕೊಳ್ತಾಳೆ. ಎಷ್ಟು ಧೈರ್ಯ!”

ತೆಲುಗಿನಲ್ಲಿ ಮಾಟ ಅಂದರೆ ಮಾತು, ನನ್ನ ಮಾತು ಕೇಳಿ ಅಂತ ಆ ಹುಡುಗಿ ಬೇಡಿಕೊಳ್ಳುತ್ತಿದ್ದಾಳೆ ಅಂತ ಬಿಡಿಸಿ ಹೇಳಿದೆ. ಅತ್ತೆ ಕೇಳಿದರು, ನಂಬಲಿಲ್ಲ. “ಹಾಗಿದ್ರೆ ದೊಡ್ಡವರನ್ನ ಒದೀತೀನಿ ಅಂತಾಳಲ್ಲ, ಅದಕ್ಕೇನು ಹೇಳ್ತೀಯ?” ಅಂದರು. ಕಿರಿಸೊಸೆ ಕೈಮುಗಿದು “ವದ್ದು ಅತ್ತಯ್ಯಾ, ವದ್ದು” ಅನ್ನುತ್ತಿದ್ದಳು. ಬೇಡ ಅತ್ತೆ, ಬೇಡ ಅಂತ ಅರ್ಥ. ಅತ್ತೆಗೆ ಅದು ‘ಒದ್ದು’ ಅಂತ ಕೇಳಿಸಿತ್ತು. ಮನೆಗೆ ಮಾಟ ಮಾಡಿಸಿ, ಅತ್ತೆಯನ್ನು ಒದೆಯುತ್ತೇನೆ ಅಂತ ಹೆದರಿಸುವ ಸೊಸೆಯ ಪರವಾಗಿ ನಾನು ಹೆಚ್ಚು ವಾದ ಮಾಡುವುದು ನನಗೇ ಒಳ್ಳೆಯದಲ್ಲ ಅನ್ನಿಸಿತು. ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡೆ.

ಅಲ್ಲಿಂದ ಮುಂದೆ ದಿನಾ ಸಂಜೆ ಕೆಳಗಿನ ಮನೆಯಲ್ಲಿ ಎರಡು ಪಕ್ಷ. ಒಡತಿ ಕಿರಿಸೊಸೆಯ ಪಕ್ಷ, ಅತ್ತೆ ಹಿರಿಸೊಸೆಯ ಪಕ್ಷ. ಮೊದಮೊದಲು ಇಬ್ಬರಿಗೂ ಅದು ಗೊತ್ತೇ ಇರಲಿಲ್ಲ. ಹಿರಿಸೊಸೆ ಪರದೆಗೆ ಬಂದ ಕೂಡಲೇ ಇಬ್ಬರೂ ಮುಂದಕ್ಕೆ ಬಾಗಿ ಕೂರುತ್ತಿದ್ದರು. ಒಬ್ಬರು ಶಾಪ ಹಾಕುತ್ತಿದ್ದರು, ಇನ್ನೊಬ್ಬರು ಹರಸುತ್ತಿದ್ದರು. ಇಬ್ಬರೂ ತಮ್ಮತಮ್ಮ ಭಾಷೆಯಲ್ಲಿ ಆವೇಶದಿಂದ ಹೇಳುತ್ತಿದ್ದುದರಿಂದ ಒಬ್ಬರಿಗೊಬ್ಬರು ಹೌದು ಹೌದು ಅಂತ ತಲೆಯಾಡಿಸುತ್ತಿದ್ದರು.

ಗುಟ್ಟು ರಟ್ಟಾಗುವ ಅಪಾಯ ಬಂದದ್ದು ನಾನು ಸಂಜೆ ಬೇಗ ಬರುವ ದಿನಗಳಲ್ಲಿ. ನನ್ನನ್ನು ನಡುವೆ ಕೂರಿಸಿಕೊಂಡು ದುಭಾಷಿ ಮಾಡಿದರು. ಒಂದು ದಿನ ಒಡತಿ ತೆರೆಯತ್ತ ಬೆರಳು ಚುಚ್ಚಿ, “ಆಮೆ ಮಂಚಿದಿ ಕಾದು ಅಕ್ಕಯ್ಯಗಾರೂ” ಅಂದರು. ಅತ್ತೆ ನನ್ನ ಕಡೆ ತಿರುಗಿದರು. “ಆಮೆ ಎಲ್ಲಿದೆಯೇ? ಮಂಚದ ಮೇಲೆ ಆಮೆ ಯಾಕೆ ಹತ್ತಿತು?”

“ಆಮೆ ಅಂದ್ರೆ ಅವಳು ಅಂತ ಅತ್ತೆ. ಅವಳು ಒಳ್ಳೆಯವಳಲ್ಲ ಅಂತಿದಾರೆ.”

“ಯಾರು, ಆ ಚಿಕ್ಕವಳು ತಾನೆ? ನಾನೂ ಅದನ್ನೇ ಹೇಳ್ತಿರೋದು.”

ಒಡತಿ ಕೇಳಿದರು, ಅಕ್ಕಯ್ಯ ಏನಂದರು ಅಂತ. “ನಿಮ್ಮ ಮಾತಿಗೆ ಒಪ್ಪಿಗೆ ಅಂತ” ಅಂದುಬಿಟ್ಟೆ. ಒಂದಷ್ಟು ದಿನ ಹೀಗೆಯೇ ನಡೆಯಿತು. ಒಡತಿ ಆ ಹಿರಿಸೊಸೆ ರಾಕ್ಷಸಿ ಅಂದರೆ, “ಬಹಳ ಗಟ್ಟಿಗಿತ್ತಿ ಅಂತಾರೆ” ಅಂತ ಅತ್ತೆಗೆ. ಅತ್ತೆ ಆ ಚಿಕ್ಕವಳಿಗೆ ಎರಡು ಬಿಗಿಯಬೇಕು ಅಂದರೆ, “ಪಾಪ ಆ ಹುಡುಗಿ ಎಷ್ಟು ಪೆಟ್ಟು ತಿನ್ನಬೇಕೋ ಅಂತಾರೆ” ಅಂತ ಒಡತಿಗೆ. ಬ್ಯಾಂಕಿನಲ್ಲಿ ಎರಡು ಯೂನಿಯನ್ನುಗಳ ನಡುವೆ ನಮ್ಮ ಮ್ಯಾನೇಜರು ಇಷ್ಟು ಜಾಣತನ ತೋರಿಸಿದ್ದನ್ನು ನಾನು ಕಂಡಿಲ್ಲ.

ಆದರೆ ಕಿರಿಸೊಸೆಯನ್ನು ಮನೆಯಿಂದ ಹೊರಗೆ ಹಾಕಿದ ದಿನ ನನ್ನ ಜಾಣತನ ಕೆಲಸಕ್ಕೆ ಬರಲಿಲ್ಲ. ಮಳೆಯಲ್ಲಿ ಆ ಹುಡುಗಿ ಬ್ಯಾಗು ಹಿಡಿದು ನಿಂತಳು, ಒಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು, ಅತ್ತೆ ಚಪ್ಪಾಳೆ ತಟ್ಟಿದರು. ಚಪ್ಪಾಳೆಗೆ ತರ್ಜುಮೆ ಬೇಕಾಗಲಿಲ್ಲ. ಒಡತಿ ಟಿವಿ ಆರಿಸಿ ಎದ್ದು ಒಳಗೆ ಹೋದರು. ನಾವು ಮೆಟ್ಟಿಲು ಹತ್ತಿ ಮೇಲೆ ಬಂದೆವು. ಆ ವಾರ ಗೋಂಗೂರ ಚಟ್ನಿ ಬರಲಿಲ್ಲ.

ಅತ್ತೆ ಮೇಲುನೋಟಕ್ಕೆ ಏನೂ ಆಗದವರ ಹಾಗೆ ಇದ್ದರು. ಸಂಜೆಯಾದರೆ ಮಾತ್ರ ಬಾಲ್ಕನಿಯಲ್ಲಿ ನಿಂತು ಕೆಳಗಿನ ಕಿಟಕಿಯಿಂದ ಬರುವ ಡೊಳ್ಳಿನ ಸದ್ದಿಗೆ ಕಿವಿಗೊಡುತ್ತಿದ್ದರು. “ಇವತ್ತು ಅವಳು ಎರಡು ಸಲ ನಕ್ಕಳು” ಅಂತ ನನಗೆ ವರದಿ ಕೊಡುತ್ತಿದ್ದರು. ಕೊನೆಗೆ ಸಂಧಿ ಮಾಡಿಸಿದ್ದು ಇನ್ನೊಂದು ಕಾರ್ಯಕ್ರಮ. ಆ ವರ್ಷ ಎಲ್ಲ ವಾಹಿನಿಗಳಲ್ಲೂ ಹಾಡಿನ ಸ್ಪರ್ಧೆ. ಹಾಡುವವರಿಗೆ ನಾವು ಮೊಬೈಲಿನಿಂದ ಎಸ್ಸೆಮ್ಮೆಸ್ ಕಳಿಸಿ ಗೆಲ್ಲಿಸಬೇಕು. ವಿಜಯವಾಡದ ಪಕ್ಕದ ಗನ್ನವರಂ ಕಡೆಯ ಹುಡುಗಿಯೊಬ್ಬಳು ಕೊನೆಯ ಸುತ್ತಿಗೆ ಬಂದಿದ್ದಳು. ಒಡತಿಗೆ ಎಸ್ಸೆಮ್ಮೆಸ್ ಕಳಿಸಲು ಬರುತ್ತಿರಲಿಲ್ಲ. ಒಂದು ಸಂಜೆ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೇಲೆ ಬಂದು ಬಾಗಿಲಲ್ಲಿ ನಿಂತರು. ನಮ್ಮೂರ ಹುಡುಗಿ, ಸೋಲಬಾರದು ಅಂದರು. ಅತ್ತೆ ಕುರ್ಚಿ ಎಳೆದು ಹಾಕಿದರು, ಕಾಫಿ ತಂದರು. ನಾನು ಇಬ್ಬರ ಪರವಾಗಿಯೂ ಎಸ್ಸೆಮ್ಮೆಸ್ ಕಳಿಸಿದೆ. ಹುಡುಗಿ ಸೋತಳು. ತೀರ್ಪುಗಾರರಿಗೆ ಕಿವಿಯಿಲ್ಲ ಅಂತ ಇಬ್ಬರೂ ಬೇರೆಬೇರೆ ಭಾಷೆಯಲ್ಲಿ ಬಯ್ದರು, ಆ ಸಲ ನಿಜವಾಗಿಯೂ ಒಂದೇ ಮಾತು ಆಡಿದ್ದರು. ಮಾರನೇ ದಿನದಿಂದ ಕುರ್ಚಿಗಳು ಮತ್ತೆ ಟಿವಿ ಮುಂದೆ ಜೋಡಿಯಾದವು.

ಕಾರ್ತೀಕದಲ್ಲಿ ಭಾನುವಾರಕ್ಕೆ ಇನ್ನೊಂದು ರಜೆ ಕೂಡಿಬಂತು. ನಾವು ವಿಶಾಖಪಟ್ಟಣಕ್ಕೆ ಹೊರಟೆವು. ಒಡತಿಯೂ ಬಂದರು, ಅವರಿಗೆ ಅಲ್ಲಿನ ಸಮುದ್ರ ನೋಡಬೇಕಿತ್ತು. ರೈಲಿನಲ್ಲಿ ಪುಳಿಹೋರೆಯ ಡಬ್ಬಿ ತೆರೆದುಕೊಂಡು ಇಬ್ಬರೂ ತಮ್ಮ ಸೊಸೆಯರ ಬಗ್ಗೆ ಮಾತಾಡಿದರು. ಎದುರು ಸೀಟಿನ ಹೆಂಗಸು ಬಹಳ ಹೊತ್ತು ಕೇಳಿಸಿಕೊಂಡು, ಕೊನೆಗೆ ನನ್ನ ಕಡೆ ಬಗ್ಗಿ ಮೆಲ್ಲಗೆ ವಿಚಾರಿಸಿದಳು: ನಿಮ್ಮ ಮನೆಯಲ್ಲಿ ಇಷ್ಟೊಂದು ತೊಂದರೆ ಇದೆಯಾ, ನೀವು ಚಿಕ್ಕ ಸೊಸೆಯಾ, ದೊಡ್ಡವಳಾ? ನಾನು ಒಬ್ಬಳೇ ಸೊಸೆ ಅಂದೆ. ಆಕೆ ಮರುಕದಿಂದ ಒಂದು ಬಾಳೆಹಣ್ಣು ಕೊಟ್ಟಳು.

ಸ್ಟೇಷನ್ನಿಗೆ ನನ್ನ ಗಂಡ ಬಂದಿದ್ದರು. ಇಬ್ಬರೂ ದೊಡ್ಡವರು ಅವರಿಗೂ ಕಥೆ ಒಪ್ಪಿಸಿದರು. “ಅಮ್ಮ, ನೀನೂ ಇದನ್ನೆಲ್ಲ ನೋಡ್ತೀಯಾ? ಬುದ್ಧಿ ಇರೋರು ನೋಡ್ತಾರಾ ಇದನ್ನ?” ಅಂದರು ಅವರು. “ನಿನ್ನ ಬುದ್ಧಿಯನ್ನೂ ನೋಡಿದೀನಿ ಬಿಡು, ಚೀಲ ಹಿಡಿ” ಅಂದರು ಅತ್ತೆ.

ಮಾರನೇ ದಿನ ಬೆಳಗ್ಗೆ ಸಮುದ್ರ ನೋಡಲು ಭೀಮಿಲಿ ಕಡೆಗೆ ಆಟೋದಲ್ಲಿ ಹೋಗುತ್ತಿದ್ದೆವು. ದಾರಿಯಲ್ಲಿ ಒಂದೆಡೆ ಮರಳಿನ ಮೇಲೆ ಜನ ಕವಿದಿತ್ತು. ಎರಡು ವ್ಯಾನು, ದೊಡ್ಡ ಬಿಳೀ ಕೊಡೆಗಳು, ಸೂರ್ಯನ ಬೆಳಕನ್ನು ತಿರುಗಿಸುವ ಹೊಳೆಯುವ ಹಲಗೆಗಳು. ಶೂಟಿಂಗ್ ಅಂದ ಆಟೋದವನು ನಮ್ಮನ್ನು ಕೇಳದೆಯೇ ಬ್ರೇಕು ಹಾಕಿದ. ಜನರ ನಡುವೆ ಮೊದಲು ನುಗ್ಗಿದ್ದು ಒಡತಿ. ಅಲ್ಲಿಂದಲೇ ಕೂಗಿದರು, “ಅಕ್ಕಯ್ಯಗಾರೂ! ಆಮೆ! ಆಮೆ!” ಈ ಸಲ ಅತ್ತೆ ಆಮೆ ಎಲ್ಲಿ ಅಂತ ಕೇಳಲಿಲ್ಲ. ಚಪ್ಪಲಿ ಕಳಚಿ ಮಗನ ಕೈಗೆ ಕೊಟ್ಟು ಮರಳಿನಲ್ಲಿ ಓಡಿದರು. ಮಂಡಿನೋವು ಅಂತ ದೇವಸ್ಥಾನದ ಮೆಟ್ಟಿಲ ಮುಂದೆ ಕೂತುಬಿಡುತ್ತಿದ್ದ ಅತ್ತೆ.

ಹಿರಿಸೊಸೆ ಕೊಡೆಯ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಮೈತುಂಬ ರೇಷ್ಮೆ, ಕತ್ತಿನ ತುಂಬ ಒಡವೆ, ಕಾಲಲ್ಲಿ ಹವಾಯಿ ಚಪ್ಪಲಿ. ಸ್ಟೀಲಿನ ಡಬ್ಬಿಯಿಂದ ಮೊಸರನ್ನ ತಿನ್ನುತ್ತಿದ್ದಳು. ಟಿವಿಯಲ್ಲಿ ನಲವತ್ತರ ಹೆಂಗಸಿನ ಹಾಗೆ ಕಾಣುತ್ತಿದ್ದವಳು ಹತ್ತಿರದಿಂದ ನೋಡಿದರೆ ನನಗಿಂತ ಚಿಕ್ಕವಳು. ಹಗ್ಗದಾಚೆ ನಿಂತ ಹೆಂಗಸರು ಅವಳನ್ನು ಬಯ್ಯುತ್ತಿದ್ದರು, ತಮಾಷೆಗಲ್ಲ, ನಿಜವಾಗಿ. ಅವಳು ಡಬ್ಬಿಯಿಂದ ಕಣ್ಣೆತ್ತುತ್ತಿರಲಿಲ್ಲ.

ಒಡತಿ ಹಗ್ಗದ ಕೆಳಗೆ ತೂರಿ ಅವಳ ಮುಂದೆಯೇ ಹೋಗಿ ನಿಂತರು. “ಏಮ್ಮಾ, ನೀಕು ಗುಂಡೆ ಉಂದಾ? ಆ ಪಿಲ್ಲನಿ ಎಂದುಕಲಾ ಏಡಿಪಿಸ್ತುನ್ನಾವು?” ನಿನಗೆ ಹೃದಯ ಇದೆಯಾ, ಆ ಹುಡುಗಿಯನ್ನು ಯಾಕೆ ಹಾಗೆ ಅಳಿಸುತ್ತೀಯ ಅಂತ. ಎಷ್ಟೋ ತಿಂಗಳಿಂದ ಕೂಡಿಟ್ಟ ಮಾತುಗಳೆಲ್ಲ ಒಂದರ ಹಿಂದೊಂದು ಬಂದವು. ಹಿರಿಸೊಸೆಯ ವೇಷದ ಹುಡುಗಿ ಸುಮ್ಮನೆ ನಗುತ್ತ ಕೇಳುತ್ತಿದ್ದಳು. ಆ ನಗೆಯಲ್ಲಿ ಓರೆಗಣ್ಣೂ ಇರಲಿಲ್ಲ, ಡೊಳ್ಳೂ ಇರಲಿಲ್ಲ. ಭಾಷೆ ಬಾರದ ಊರಲ್ಲಿ ಬಸ್ಸಿಗೆ ಕಾಯುವವರು ನಗುತ್ತಾರಲ್ಲ, ಹಾಗಿತ್ತು.

ಅಷ್ಟರಲ್ಲಿ ಅತ್ತೆ ಏದುಸಿರು ಬಿಡುತ್ತ ಬಂದು ನನ್ನ ತೋಳು ಹಿಡಿದುಕೊಂಡರು. “ನೋಡೇ, ಎಷ್ಟು ಸೊರಗಿದಾಳೆ. ಅಷ್ಟು ದೊಡ್ಡ ಮನೆ ಸಂಬಾಳಿಸೋದು ಅಂದ್ರೆ ಸುಮ್ನೇನಾ?”

ಹುಡುಗಿಯ ಕೈಯಿಂದ ಚಮಚ ಡಬ್ಬಿಯೊಳಗೆ ಬಿತ್ತು. “ಅಮ್ಮಾ, ನೀವು ಕನ್ನಡದೋರಾ?”

ಅವಳು ಅರಸೀಕೆರೆಯವಳು. ತಿಪಟೂರಿಗೆ ರೈಲಿನಲ್ಲಿ ಒಂದು ಕಾಫಿ ಕುಡಿಯುವಷ್ಟರ ದೂರ. ತೆಲುಗು ಒಂದಕ್ಷರ ಬಾರದು. ಕ್ಯಾಮೆರಾದ ಹಿಂದೆ ನಿಂತು ಒಬ್ಬರು ಸಾಲು ಹೇಳಿಕೊಡುತ್ತಾರಂತೆ, ಇವಳು ತುಟಿ ಆಡಿಸುತ್ತಾಳಂತೆ, ಆಮೇಲೆ ಹೈದರಾಬಾದಿನಲ್ಲಿ ಬೇರೆ ಯಾರೋ ಹೆಂಗಸು ಧ್ವನಿ ಕೊಡುತ್ತಾಳಂತೆ. ಇಷ್ಟನ್ನೂ ಅವಳು ಉಸಿರು ಬಿಡದೆ ಹೇಳಿ, ನನ್ನ ಕಡೆ ತಿರುಗಿದಳು. “ಅಕ್ಕಾ, ಈ ಅಮ್ಮ ಏನೋ ಹೇಳ್ತಿದ್ರಲ್ಲ, ಏನು?”

ನಾನು ಒಡತಿಯ ಮುಖ ನೋಡಿದೆ. “ಚೆನ್ನಾಗಿ ಮಾಡ್ತೀಯ ಅಂದ್ರು. ನೋಡಿದ್ರೆ ಮೈ ಉರಿಯತ್ತಂತೆ.”

“ನಿಜ ಹೇಳಮ್ಮ” ಅಂದರು ಅತ್ತೆ, ಅವಳ ಪಕ್ಕದ ಕುರ್ಚಿಯಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ಕೂತು. “ಆ ಹಾಲಿಗೆ ನೀನು ಏನು ಹಾಕ್ತೀಯ? ಔಷಧಿ ತಾನೆ?”

“ಗೊತ್ತಿಲ್ಲಮ್ಮ. ಹಾಕಿ ಕ್ಯಾಮೆರಾ ನೋಡಿ ನಗು ಅಂತಾರೆ. ಹಾಕ್ತೀನಿ, ನಗ್ತೀನಿ.”

“ಹಾಗಾದ್ರೆ ಕಥೆ ಗೊತ್ತಿಲ್ವಾ ನಿಂಗೆ?”

“ಅವತ್ತವತ್ತಿಂದು ಅವತ್ತು ಹೇಳ್ತಾರೆ. ಕೋಪ ಮಾಡ್ಕೋ ಅಂತಾರೆ, ಮೂತಿ ತಿರುಗಿಸು ಅಂತಾರೆ. ಯಾಕೆ ಅಂತ ಕೇಳಕ್ಕೆ ಭಾಷೆ ಬರಲ್ಲ.”

ಹಾಗೆ ನಮ್ಮತ್ತೆ, ತೆಲುಗು ಬಾರದ ಪ್ರೇಕ್ಷಕಿ, ತೆಲುಗು ಬಾರದ ನಟಿಗೆ ಆ ತೆಲುಗು ಧಾರಾವಾಹಿಯ ಕಥೆಯನ್ನು ಮೊದಲಿಂದ ಹೇಳಿದರು. ಮಾಟ ಮಾಡಿಸುವ ಕಿರಿಸೊಸೆ, ಹಾಸಿಗೆ ಹಿಡಿದ ಮಾವ, ಯಾರಿಗೂ ಹೇಳದೆ ಒಬ್ಬಳೇ ಔಷಧಿ ತೇಯುವ ಹಿರಿಸೊಸೆ. ಹುಡುಗಿ ಬಾಯಿ ತೆರೆದುಕೊಂಡು ಕೇಳಿದಳು. ಮುಗಿದ ಮೇಲೆ ಬಹಳ ಸಣ್ಣ ಧ್ವನಿಯಲ್ಲಿ, “ಇಷ್ಟು ಒಳ್ಳೆಯವಳಾ ನಾನು?” ಅಂದಳು. ಹೈದರಾಬಾದಿನ ಮಾರುಕಟ್ಟೆಯಲ್ಲಿ ಸೊಪ್ಪಿನವಳು ಅವಳಿಗೆ ಸೊಪ್ಪು ಕೊಡಲ್ಲ ಅಂದಿದ್ದಳಂತೆ. ದೇವಸ್ಥಾನದಲ್ಲಿ ಒಬ್ಬಾಕೆ ಮಗುವನ್ನು ಸೆರಗಿನೊಳಗೆ ಮುಚ್ಚಿಕೊಂಡಳಂತೆ. ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿ ಮೇಕಪ್ಪಿನ ಮೇಲೆ ಗೆರೆ ಬಿತ್ತು.

“ಅಳಬೇಡ, ಅಳೋದು ಆ ಚಿಕ್ಕವಳ ಕೆಲಸ” ಅಂದರು ಅತ್ತೆ. ಆಮೇಲೆ ಅವಳ ಕೈ ಹಿಡಿದು, ಸಮುದ್ರದ ಕಡೆ ನೋಡುತ್ತ ಹೇಳಿದರು: “ಬೀಗದ ಕೈ ಯಾರ ಸೊಂಟದಲ್ಲಿರತ್ತೋ ಅವರನ್ನ ಯಾರೂ ಒಳ್ಳೆಯವರು ಅನ್ನಲ್ಲ ಕಣಮ್ಮ. ಎಲ್ಲರಿಗೂ ಬಡಿಸಿ ನಾನು ಕೊನೇಲಿ ಉಂಡೆ. ಮೈದುನರ ಮದುವೆ, ನಾದಿನಿಯರ ಬಾಣಂತನ, ಎಲ್ಲ ಮಾಡಿದೆ. ಸಕ್ಕರೆ ಡಬ್ಬಿ ಮುಚ್ಚಿಡ್ತಾಳೆ, ಗಟ್ಟಿ ಹೆಂಗಸು ಅಂತ ಇವತ್ತಿಗೂ ಅಂತಾರೆ. ಮುಚ್ಚಿಡದೆ ಇದ್ದಿದ್ರೆ ತಿಂಗಳ ಕೊನೆಗೆ ಅವರಿಗೇ ಕಾಫಿ ಇರ್ತಿರಲಿಲ್ಲ.”

ನಾನು ಆ ಮನೆಗೆ ಸೊಸೆಯಾಗಿ ಬಂದು ಅಷ್ಟು ವರ್ಷವಾಗಿತ್ತು. ಈ ಮಾತನ್ನು ಅತ್ತೆ ನನಗೆ ಒಂದು ಸಲವೂ ಹೇಳಿರಲಿಲ್ಲ. ಅಚ್ಚರಿಯಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಒಡತಿ ನನ್ನ ಸೆರಗು ಜಗ್ಗಿದರು. “ಏಮಂಟುಂದಿ? ಅಕ್ಕಯ್ಯ ಎಂದುಕು ಏಡುಸ್ತುಂದಿ?” ಏನಂತಿದ್ದಾರೆ, ಅಕ್ಕ ಯಾಕೆ ಅಳುತ್ತಿದ್ದಾರೆ ಅಂತ. ಅತ್ತೆ ಅಳುತ್ತಿದ್ದುದು ಆಗಲೇ ನನ್ನ ಗಮನಕ್ಕೆ ಬಂದದ್ದು. ಆ ಸಲ ನಾನು ಏನೂ ಬದಲಾಯಿಸದೆ ಇದ್ದದ್ದನ್ನು ಇದ್ದ ಹಾಗೆ ತೆಲುಗಿನಲ್ಲಿ ಹೇಳಿದೆ. ಒಡತಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಮ್ಮ ಚೀಲ ಬಿಚ್ಚಿ, ದಾರಿಗೆಂದು ತಂದಿದ್ದ ಪೂತರೇಕುಲು ತೆಗೆದರು. ಕಾಗದದಷ್ಟು ತೆಳ್ಳಗೆ ಮಡಿಸಿದ ಸಿಹಿ ಅದು. “ತಿನು ತಲ್ಲೀ”, ತಿನ್ನು ತಾಯಿ, ಅಂತ ಒಂದು ಚೂರು ಆ ಹುಡುಗಿಯ ಬಾಯಿಗೆ ತಾವೇ ಇಟ್ಟರು, ಇನ್ನೊಂದು ಅತ್ತೆಯ ಬಾಯಿಗೆ. ಹಗ್ಗದಾಚೆಯ ಹೆಂಗಸರು ಇದನ್ನು ನೋಡಿ ಬಯ್ಯುವುದನ್ನು ಮರೆತರು.

ಅಷ್ಟರಲ್ಲಿ ಶಾಟ್ ಅಂತ ಕೂಗಿದರು. ಕಿರಿಸೊಸೆಯನ್ನು ಮರಳಿನಲ್ಲಿ ತಳ್ಳಿ ಹಿರಿಸೊಸೆ ಗಹಗಹಿಸಿ ನಗಬೇಕು. ಹುಡುಗಿ ತಳ್ಳಿದಳು, ನಗು ಬರಲಿಲ್ಲ. ಮತ್ತೆ ತಳ್ಳಿದಳು. ತುಟಿ ನಗಲು ಹೊರಟರೆ ಕಣ್ಣು ಒಪ್ಪುತ್ತಿರಲಿಲ್ಲ. ಬಿದ್ದು ಬಿದ್ದು ಕಿರಿಸೊಸೆಗೆ ನಿಜವಾಗಿಯೂ ಅಳು ಬರುವ ಹಾಗಾಯಿತು. ನಿರ್ದೇಶಕರು ಟೋಪಿ ತೆಗೆದು ನಮ್ಮ ಕಡೆ ನೋಡಿದ ರೀತಿಯಿಂದಲೇ ನಾವು ಹೊರಡಬೇಕು ಅಂತ ತಿಳಿಯಿತು. ಹೊರಡುವ ಮುಂಚೆ ಅತ್ತೆ ನನ್ನ ಮೊಬೈಲ್ ನಂಬರನ್ನು ನನ್ನನ್ನು ಕೇಳದೆ ಅವಳಿಗೆ ಕೊಡಿಸಿದರು. ನನ್ನ ಗಂಡ ಇಷ್ಟು ಹೊತ್ತೂ ಅತ್ತೆಯದೂ ನನ್ನದೂ ಚೀಲ, ಎರಡು ಜೊತೆ ಚಪ್ಪಲಿ ಹಿಡಿದುಕೊಂಡು ಬಿಸಿಲಲ್ಲಿ ನಿಂತಿದ್ದರು. ಇದಕ್ಕೂ ನನಗೂ ಸಂಬಂಧವಿಲ್ಲ ಅನ್ನುವ ಮುಖ ಮಾಡಿಕೊಂಡು ಸಮುದ್ರ ನೋಡುತ್ತಿದ್ದರು.

ಆ ಕಂತು ಬಂದದ್ದು ಕೆಲವು ವಾರಗಳ ಮೇಲೆ. ಕೆಳಗಿನ ಮನೆಯಲ್ಲಿ ಮೂವರೂ ಕೂತೆವು. ಹಿರಿಸೊಸೆ ತಳ್ಳಿದಳು, ಹೈದರಾಬಾದಿನ ಆ ಇನ್ನೊಬ್ಬ ಹೆಂಗಸು ಗಹಗಹಿಸಿ ನಕ್ಕಳು, ಆದರೆ ತೆರೆಯ ಮೇಲಿನ ಕಣ್ಣು ಒದ್ದೆಯಾಗಿತ್ತು. “ಪಶ್ಚಾತ್ತಾಪ ಶುರುವಾಗಿದೆ” ಅಂದರು ಒಡತಿ. “ಕರುಣೆ ಅದು” ಅಂದರು ಅತ್ತೆ. ನಾನು ಇಬ್ಬರಿಗೂ ತರ್ಜುಮೆ ಮಾಡಲಿಲ್ಲ, ಯಾಕೆಂದರೆ ಅದೇ ಹೊತ್ತಿಗೆ ಹಿರಿಸೊಸೆಯ ಹೆಗಲ ಹಿಂದೆ, ದೂರದಲ್ಲಿ, ಕಂಕುಳಲ್ಲಿ ಚೀಲ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಚಪ್ಪಲಿ ಹಿಡಿದುಕೊಂಡು ನಿಂತ ಒಬ್ಬ ಮನುಷ್ಯ ಕಂಡ. ಮೂವರೂ ಒಟ್ಟಿಗೆ ಕಿರುಚಿದೆವು. ಆತ ಸಾಕಷ್ಟು ಹೊತ್ತು ಕಂಡ. ನಿರ್ದೇಶಕರಿಗೆ ಬೇರೆ ಒಳ್ಳೆಯ ಟೇಕು ಸಿಕ್ಕಿರಲಿಲ್ಲವೆಂದು ಕಾಣುತ್ತದೆ. ಮಾರನೇ ದಿನದಿಂದ ಅಚ್ಯುತಾಪುರಂನ ಫ್ಯಾಕ್ಟರಿಯಲ್ಲಿ ನನ್ನ ಗಂಡನನ್ನು “ಹೀರೋಗಾರೂ” ಅಂತ ಕರೆಯತೊಡಗಿದರು. ಬುದ್ಧಿ ಇರುವವರು ಯಾರೂ ನೋಡದ ಧಾರಾವಾಹಿಯನ್ನು ಅಲ್ಲಿ ಕೆಲಸ ಮಾಡುವವರೆಲ್ಲ ನೋಡುತ್ತಿದ್ದರು ಅಂತ ಅವರಿಗೆ ಆಗ ಗೊತ್ತಾಯಿತು.

ಆಮೇಲೆ ಅತ್ತೆ ಹಟ ಹಿಡಿದು ತೆಲುಗು ಕಲಿಯತೊಡಗಿದರು. ಆ ಹುಡುಗಿಗೆ ಕಥೆ ತಪ್ಪು ಹೇಳಿಬಿಟ್ಟೆನೋ ಏನೋ ಅನ್ನುವ ಅನುಮಾನ ಒಳಗೊಳಗೇ ಇತ್ತೆಂದು ನನ್ನ ಊಹೆ. ಅಕ್ಷರ ನಮ್ಮದರ ಹಾಗೇ ಇದ್ದುದರಿಂದ ಅಂಗಡಿ ಬೋರ್ಡುಗಳಿಂದ ಶುರುಮಾಡಿ, ಸಂಕ್ರಾಂತಿಯ ಹೊತ್ತಿಗೆ ಒಡತಿಯ ವಾರಪತ್ರಿಕೆಯವರೆಗೆ ಬಂದರು. ಮಾತು ಅರ್ಥವಾಗತೊಡಗಿದ ಹಾಗೆ ಧಾರಾವಾಹಿಯಲ್ಲಿ ಅವರ ಆಸಕ್ತಿ ಇಳಿಯುತ್ತ ಹೋಯಿತು. “ಏನೇ ಇದು, ಹೇಳಿದ್ದೇ ಹೇಳ್ತಾರೆ. ನಾನು ಅಂದ್ಕೊಂಡಿದ್ದ ಕಥೆಯೇ ಚೆನ್ನಾಗಿತ್ತು” ಅಂತ ಒಂದು ದಿನ ನನ್ನ ಹತ್ತಿರ ಹೇಳಿದರು. ಮಾವನ ಹಾಲಿಗೆ ಬೆರೆಸಿದ್ದು ವಿಷವೇ ಅಂತ ಒಪ್ಪಿಕೊಂಡರೋ ಇಲ್ಲವೋ, ಆ ಮಾತು ಎತ್ತಲಿಲ್ಲ.

ಒಂದು ಸೋಮವಾರ ಹಿರಿಸೊಸೆಯ ಪಾತ್ರಕ್ಕೆ ಇಂದಿನಿಂದ ಬೇರೆ ನಟಿ ಅಂತ ತೆರೆಯ ಕೆಳಗೆ ಸಾಲು ಬಂತು. ಅದನ್ನು ಮೊದಲು ಓದಿದವರು ಅತ್ತೆಯೇ. ಆ ವಾರವೇ ಹುಡುಗಿಯ ಫೋನು ಬಂತು. ಬಿಟ್ಟೆ ಅಮ್ಮ, ಬೆಂಗಳೂರಲ್ಲಿ ಕನ್ನಡ ಧಾರಾವಾಹಿ ಸಿಕ್ಕಿದೆ, ಪಾತ್ರ ಚಿಕ್ಕದು, ಆದ್ರೆ ಮಾತೆಲ್ಲ ನಂದೇ, ಧ್ವನಿಯೂ ನಂದೇ ಅಂದಳಂತೆ. ಏನು ಪಾತ್ರ ಅಂತ ಕೇಳಿದರೆ ಶಾಲೆಯ ಹೆಡ್‌ಮಿಸ್ ಅಂತ. “ಮಕ್ಕಳಿಗೆ ಹೊಡೀಬೇಡ” ಅಂದರು ಅತ್ತೆ.

ಏಪ್ರಿಲ್‌ನಲ್ಲಿ ನನಗೂ ವಿಶಾಖಪಟ್ಟಣಕ್ಕೆ ವರ್ಗ ಸಿಕ್ಕಿತು. ವರ್ಷದ ಮೇಲೆ ಗಂಡ ಹೆಂಡತಿ ಒಂದೇ ಮನೆಯಲ್ಲಿ ಇರುವ ಹಾಗಾಯಿತು. ಹೊರಡುವ ದಿನ ಒಡತಿ ಸ್ಟೇಷನ್ನಿಗೆ ಬಂದರು, ಆವಕಾಯಿ ಉಪ್ಪಿನಕಾಯಿಯ ಜಾಡಿಯೊಂದನ್ನು ಬಟ್ಟೆಯಲ್ಲಿ ಸುತ್ತಿ ಅತ್ತೆಯ ತೊಡೆಯ ಮೇಲಿಟ್ಟರು. ರೈಲು ಹೊರಡುವ ಮುಂಚೆ ಅತ್ತೆ ಕಿಟಕಿಯಿಂದ ಕೈ ಚಾಚಿ, ತಮ್ಮ ಹೊಸ ತೆಲುಗಿನಲ್ಲಿ, “ಒಕ ಮಾಟ” ಅಂದರು. ಒಡತಿ ಹತ್ತಿರ ಬಂದರು. ಒಂದು ಮಾತು ಅಂತ ಶುರುಮಾಡಿದ ಅತ್ತೆಗೆ ಮುಂದಿನದು ತೋಚಲಿಲ್ಲ, ಅಥವಾ ತೆಲುಗು ಸಾಲಲಿಲ್ಲ. ಅವರ ಕೈ ಹಿಡಿದುಕೊಂಡೇ ಕೂತರು, ರೈಲು ಅಲುಗಿದ ಮೇಲೆ ಬಿಟ್ಟರು.

ವಿಶಾಖಪಟ್ಟಣದ ಮನೆಗೆ ವಾರಕ್ಕೊಮ್ಮೆ ವಿಜಯವಾಡದಿಂದ ಫೋನು ಬರುತ್ತಿತ್ತು. ಅತ್ತೆ ಬಾಲ್ಕನಿಗೆ ಹೋಗಿ ಮಾತಾಡುತ್ತಿದ್ದರು. ಅವರ ಕನ್ನಡದೊಳಗೆ ತೆಲುಗು, ಆ ಕಡೆಯವರ ತೆಲುಗಿನೊಳಗೆ ಎಲ್ಲಿಂದಲೋ ಕಲಿತ ಕನ್ನಡ. ನೀರು ಎಷ್ಟು ಹೊತ್ತಿಗೆ ಬಿಡುತ್ತಾರೆ, ಮಂಡಿಗೆ ಯಾವ ಎಣ್ಣೆ, ಹೊಸ ಬಾಡಿಗೆಯವರು ಮೆಟ್ಟಿಲು ಗುಡಿಸುತ್ತಾರಾ ಇಲ್ಲವಾ. ಒಂದು ಸಲ ಏನೋ ಕೇಳಿ ಅತ್ತೆ ಬಹಳ ಜೋರಾಗಿ ನಕ್ಕರು. ಏನಂತೆ ಅತ್ತೆ ಅಂತ ಒಳಗಿನಿಂದ ಕೇಳಿದೆ. ಅವರು ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು, “ನಿನಗೆ ಹೇಳಿದ್ರೆ ಅರ್ಥ ಆಗಲ್ಲ ಬಿಡೇ” ಅಂದು ಮತ್ತೆ ಮಾತಿಗೆ ತಿರುಗಿದರು.